ಕಾಡಿನಲ್ಲಿ ಓ ಅನ್ನಬಾರದು

ಅಥವಾ ಅವನು ಆ ದಿನ ಬಿಳಿ ಕ್ಯಾನ್ವಾಸ್ ಶೂ ಹಾಕಿರಲೇ ಇಲ್ಲವೇನೋ. ನೆನಪಿನಲ್ಲಂತೂ ಅವು ಬಹಳ ಸ್ಪಷ್ಟವಾಗಿವೆ: ಏರುದಾರಿಯಲ್ಲಿ ನನ್ನ ಮುಂದೆ, ಹೆಚ್ಚುಕಡಿಮೆ ನನ್ನ ಎದೆಯ ಮಟ್ಟದಲ್ಲಿ, ಒಂದಾದ ಮೇಲೊಂದು ಎದ್ದು ಹೋಗುವ ಎರಡು ಬಿಳಿ ಹಿಮ್ಮಡಿಗಳು. ಅಷ್ಟು ಕೆಸರಿನಲ್ಲೂ ಬಿಳಿಯಾಗಿಯೇ ಇದ್ದವು ಎನ್ನುವುದೇ ಅನುಮಾನಕ್ಕೆ ಸಾಕು. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವನು ಛತ್ರದ ಮೆಟ್ಟಿಲ ಮೇಲೆ ಒಂದು ಕಾಲು ಮುಂದಿಟ್ಟು ನಿಂತ ಫೋಟೋ ಇದೆ. ಅದರಲ್ಲಿ ಆ ಶೂಗಳಿವೆ. ಆ ಫೋಟೋವನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಶೂಗಳು ಅಲ್ಲಿಂದಲೇ ಇಳಿದು ಕಾಡಿಗೆ ಬಂದಿರಬಹುದು.

ಹಾಗಾಗಿ ಖಚಿತವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಮ್ಮ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಹೊಸ ಅಳಿಯನೆಂದು ಹೆಂಡತಿಯ ತವರಿಗೆ ಹಬ್ಬಕ್ಕೆ ಹೋಗಿದ್ದೆ. ಹಬ್ಬ ಮುಗಿಸಿ ಅವಳನ್ನು ಕರೆದುಕೊಂಡು ಮಗ್ಗೆಗೆ, ನನ್ನ ಮನೆಗೆ, ಹೊರಟಿದ್ದೆ. ಅವಳ ತವರು ಸಕಲೇಶಪುರದ ಹತ್ತಿರ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬಸ್ಸು ಬರುವ ಗುಡ್ಡದ ಊರು. ಬಸ್ಸಿನಲ್ಲಾದರೆ ಸಕಲೇಶಪುರಕ್ಕೆ ಇಳಿದು, ಬಾಳ್ಳುಪೇಟೆಗೆ ಬಂದು, ಅಲ್ಲಿ ಲಾರಿಗಳ ಹೊಗೆ ಕುಡಿಯುತ್ತಾ ಇನ್ನೊಂದು ಬಸ್ಸು ಕಾಯಬೇಕು. ಕಾಡಿನಲ್ಲಾದರೆ ಮನೆಯ ಹಿಂದಿನ ಗುಡ್ಡ ಹತ್ತಿ ಆಚೆ ಇಳಿದರಾಯಿತು, ಮಗ್ಗೆ ಕಡೆಗೆ ಹೋಗುವ ರಸ್ತೆ ಸಿಗುತ್ತದೆ. ಹೊರಟ ಜಾಗಕ್ಕೇ ಸುತ್ತಿ ಬರುವ ದಾರಿಯಲ್ಲ ಅದು. ಈ ಕಡೆ ಹೊಕ್ಕರೆ ಆ ಕಡೆಗೇ ಹೊರಬೀಳಬೇಕು. ತುಂಬ ಕಷ್ಟದ್ದೂ ಅಲ್ಲ. ಹೆಂಗಸರು ಕಂಕುಳಲ್ಲಿ ಕೂಸು ಇಟ್ಟುಕೊಂಡು ನಡೆದ ದಾರಿ. ಆ ದಿನ ನಡೆದವರು ಮೂವರು: ನಾನು, ನನ್ನ ಹೆಂಡತಿ, ಅವಳ ಸೋದರಮಾವನ ಮಗ. ಇಷ್ಟು ಖಚಿತ. ಇದರಾಚೆಗೆ ನಾನು ಬರೆಯುವುದನ್ನು ಅರ್ಧ ನಂಬಿದರೆ ಸಾಕು, ನಾನೂ ಅಷ್ಟೇ ನಂಬುತ್ತೇನೆ.

ಅವನು ಯಾಕೆ ಜೊತೆಗೆ ಬಂದ ಎಂದು ಕೇಳುವಂತೆಯೇ ಇರಲಿಲ್ಲ. ಮಗಳು ಕಾಡಿನ ದಾರಿಯಲ್ಲಿ ಗಂಡನ ಮನೆಗೆ ಹೊರಟರೆ ತವರಿನ ಗಂಡಸೊಬ್ಬ ಆಚೆ ಕಡೆಯ ಕೊನೆಯ ಹಳ್ಳದವರೆಗೆ ನಡೆದು ಕಳಿಸಿ ಬರಬೇಕು. ಅವಳಿಗೆ ಅಣ್ಣತಮ್ಮಂದಿರಿಲ್ಲ. ಅವಳ ತಂದೆಯವರಿಗೆ ಮೊಣಕಾಲು ನೋವು. ಎದುರಿನ ಇಳಿಜಾರಿನಲ್ಲಿ ಅವನ ಮನೆ. ಅಲ್ಲೇ ಹತ್ತಿರದ ಎಸ್ಟೇಟಿನಲ್ಲಿ ರೈಟರ್ ಆಗಿದ್ದ, ಆಳುಗಳ ಹಾಜರಿ ಹಾಕುವ, ಕೆಲಸ ನೋಡಿಕೊಳ್ಳುವ ಕೆಲಸ. ಹಬ್ಬದ ರಜೆಯಲ್ಲಿದ್ದ. ಬೆಳಿಗ್ಗೆ ನಮ್ಮ ಚೀಲವನ್ನು ಕೇಳದೆ ಹೆಗಲಿಗೇರಿಸಿದ. ನನ್ನ ಕೈಗೆ ಉಳಿದದ್ದು ಕೊಡೆ.

ಅವಳು ಅವನನ್ನು ಭಾವ ಎನ್ನುತ್ತಾಳೆ. ನಮ್ಮಲ್ಲಿ ಸೋದರಮಾವನಿಗೆ ಮಗನಿದ್ದರೆ, ಹುಡುಗಿ ತೊಟ್ಟಿಲಲ್ಲಿರುವಾಗಲೇ ಅವನ ಹೆಸರು ಹೇಳಿ ಅವಳನ್ನು ರೇಗಿಸಲು ಶುರು ಮಾಡುತ್ತಾರೆ. ಇವಳನ್ನೂ ಹಾಗೇ ರೇಗಿಸಿದ್ದರಂತೆ, ಪಿಯುಸಿ ಮುಗಿಯುವವರೆಗೂ. ಅವನು ನನ್ನನ್ನು ಅಣ್ಣಯ್ಯ ಎಂದು ಕರೆಯುತ್ತಿದ್ದ. ಸಂಬಂಧದ ಲೆಕ್ಕ ಹಾಗಿದೆ: ಹೆಂಡತಿಯ ಮಾವನ ಮಗ ಗಂಡನಿಗೆ ಅಣ್ಣನೋ ತಮ್ಮನೋ ಆಗುತ್ತಾನೆ, ಏಕೆಂದರೆ ಗಂಡ ನಿಂತ ಜಾಗದಲ್ಲಿ ಅವನೂ ನಿಲ್ಲಬಹುದಿತ್ತು. ಅವನು ಅಣ್ಣಯ್ಯ ಎಂದಾಗಲೆಲ್ಲ ನನಗೆ ಈ ಲೆಕ್ಕವೇ ಕೇಳಿಸುತ್ತಿತ್ತು. ಇನ್ನೊಂದು. ಅವಳು ನನಗೆ ನೀವು ಎನ್ನುತ್ತಿದ್ದಳು, ಅವನಿಗೆ ನೀನು. ಗಂಡನಿಗೆ ನೀವು ಎನ್ನುವುದು ಮರ್ಯಾದೆ ಎಂದು ನನಗೂ ಗೊತ್ತು. ಆದರೂ ಇಡೀ ದಿನ ನನ್ನ ಕಿವಿಗೆ ಆ ಮರ್ಯಾದೆ, ನೆಂಟರನ್ನು ಹಜಾರದಲ್ಲೇ ಕೂರಿಸಿ ಕಾಫಿ ಕೊಟ್ಟಂತೆ ಕೇಳಿಸುತ್ತಿತ್ತು.

ಆ ಮದುವೆ ಯಾಕೆ ಆಗಲಿಲ್ಲ? ಮದುವೆಗೆ ಮುಂಚೆ ನಾನು ಕೇಳಲಿಲ್ಲ. ಆಮೇಲೆ ಕೇಳದೆಯೇ ಹೇಳಿದರು. ಅತ್ತೆಯವರ ಪ್ರಕಾರ ಜಾತಕ ಕೂಡಲಿಲ್ಲ. ಪಕ್ಕದ ತೋಟದ ಅಜ್ಜಿ ನನ್ನ ಕೆನ್ನೆ ಸವರಿ, "ಅವ್ನೇ ಒಲ್ಲೆ ಅಂದ್ಬುಟ್ಟ ಕಣಪ್ಪ. ಜೊತೇಲಿ ಆಡ್ಕಂಡು ಬೆಳೆದೋಳ್ನ ಹೆಂಗೆ ಕಟ್ಕಳದು ಅಂದ. ನಿಂಗೆ ಒಳ್ಳೇದಾಯ್ತು," ಎಂದಳು. ಹೆಂಡತಿಯ ತಂಗಿ, "ಇಲ್ಲ ಭಾವ, ಅಕ್ಕನೇ ಬ್ಯಾಡ ಅಂದಿದ್ದು," ಎಂದಳು, ಹೇಳಿ ನಾಲಿಗೆ ಕಚ್ಚಿಕೊಂಡಳು. ಅವಳು ಬೇಡ ಎಂದಿದ್ದರೆ ನಾನು ಅವಳು ಆರಿಸಿಕೊಂಡ ಗಂಡ. ಅವನು ಬೇಡ ಎಂದಿದ್ದರೆ ನಾನು ಆಮೇಲೆ ಸಿಕ್ಕಿದ ಗಂಡ. ಗುಡ್ಡ ಹತ್ತಿ ಇಳಿಯುವಷ್ಟು ಹೊತ್ತೂ ನನಗೆ ಬೇಕಾಗಿದ್ದದ್ದು ಇದೊಂದೇ. ಹೂವು, ಹಕ್ಕಿ, ಮಂಜು ಯಾವುದೂ ಬೇಕಿರಲಿಲ್ಲ.

ಹೊರಡುವ ಹಿಂದಿನ ಸಂಜೆ ಅವಳು ನನಗೆ ಕೂ ಹಾಕುವುದನ್ನು ಕಲಿಸಿದಳು. ಆ ಕಡೆ ಮನೆಗಳು ಒಂದೊಂದು ಗುಡ್ಡಕ್ಕೆ ಒಂದೊಂದು. ನಡುವೆ ತೋಟ, ಹಳ್ಳ. ಕರೆಯಬೇಕೆಂದರೆ ಅಂಗಳದ ಅಂಚಿಗೆ ನಿಂತು ಕೂ ಹಾಕುತ್ತಾರೆ. ಪ್ರತಿ ಮನೆಗೂ ಅದರದ್ದೇ ಕೂ. ಅವಳ ಮನೆಯದು ಒಂದು ಉದ್ದ, ಕೊನೆಯಲ್ಲಿ ಮೇಲಕ್ಕೆ ಎತ್ತಿದ ಒಂದು ಗಿಡ್ಡ. ಉತ್ತರ ಅದರ ತಿರುಗುಮುರುಗು: ಗಿಡ್ಡ ಮೊದಲು, ಉದ್ದ ಆಮೇಲೆ.

"ಗಂಟ್ಲಿಂದಲ್ಲ ಕಣ್ರೀ, ಹೊಟ್ಟೆಯಿಂದ. ಕೈ ಹಿಂಗೆ ಹಿಡ್ಕಳಿ."

"ನೀನು ನಗ್ತಾ ನಿಂತ್ರೆ ನಾನು ಹೆಂಗೆ ಹಾಕ್ಲಿ?"

"ನಗಲ್ಲ, ಹಾಕಿ. ಅಯ್ಯೋ, ಮೇಷ್ಟ್ರು ಮಕ್ಕಳಿಗೆ ಕಾಗುಣಿತ ಹೇಳ್ಕೊಟ್ಟಂಗೆ ಐತೆ!"

ನಾನು ಆಲೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಒಳಗಿನಿಂದ ಅತ್ತೆ, "ಅಳಿಯಂದ್ರಿಗೆ ಊಟ ಹಾಕೋ ಹೊತ್ನಲ್ಲಿ ಕೂ ಹಾಕ್ಸ್ತಾ ಕೂತಿದೀಯಲ್ಲೇ!" ಎಂದು ಕೂಗಿದರು. ನಾಲ್ಕೈದು ಸಲ ಒಡೆದ ಮೇಲೆ ಒಂದು ಸರಿಯಾಗಿ ಬಂತು. ಬಂದ ಕೂಡಲೇ ಎದುರಿನ ಇಳಿಜಾರಿನಿಂದ ಉತ್ತರ ಬಂತು, ಗಿಡ್ಡ, ಆಮೇಲೆ ಉದ್ದ. ಅವನು. ಅವಳು ಚಪ್ಪಾಳೆ ತಟ್ಟಿದಳು. "ಭಾವ ಮೋಸ ಹೋಗ್ಬುಟ್ಟ! ನಿಮ್ದನ್ನ ನಂದು ಅಂದ್ಕಂಡ!" ಅವಳ ಕೂಗಿಗೆ ಸಂಜೆಯ ಹೊತ್ತು ಅಂಗಳದಲ್ಲೇ ಇದ್ದವನಂತೆ ಉತ್ತರಿಸುವ ಅಭ್ಯಾಸ ಅವನಿಗೆ ಎಷ್ಟು ವರ್ಷದ್ದು ಎಂದು ನಾನು ಯೋಚಿಸುತ್ತಿದ್ದೆ. ಕೂಗಿನಲ್ಲಿ ಮನೆ ತಿಳಿಯುತ್ತದೆ, ಮನುಷ್ಯ ತಿಳಿಯುವುದಿಲ್ಲ ಎಂಬುದನ್ನೂ ಆಗಲೇ ತಿಳಿದುಕೊಂಡೆ.

ಅವಳು ಎರಡು ಕಟ್ಟುಪಾಡುಗಳನ್ನೂ ಹೇಳಿದಳು. ಕಾಡಿನಲ್ಲಿ ಯಾರ ಹೆಸರನ್ನೂ ಹಿಡಿದು ಕರೆಯಬಾರದು, ಕರೆದರೆ ಓ ಅನ್ನಲೂಬಾರದು. ಕಾಡಿನಲ್ಲಿರುವುದು ಹೆಸರು ಕಲಿತುಬಿಡುತ್ತದೆ. ಅದು ಓಗೊಟ್ಟ ಕಡೆಗೆ ಹೋದವರು ದಾರಿ ತಪ್ಪುತ್ತಾರೆ. ಇನ್ನೊಂದು, ಕೂಗಿಗೆ ಒಬ್ಬರೇ ಉತ್ತರ ಕೊಡಬೇಕು. ಇಬ್ಬರು ಎರಡು ಕಡೆಯಿಂದ ಕೊಟ್ಟರೆ ಕೂಗಿದವರು ಎತ್ತ ಹೋಗಬೇಕು? ಒಬ್ಬರು ಕೊಟ್ಟರೆಂದರೆ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಮೊದಲನೆಯದಕ್ಕೆ ನಾನು ನಕ್ಕೆ. ಎರಡನೆಯದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ.

ಬೆಳಿಗ್ಗೆ ಹೊರಟೆವು. ಮೊದಲು ಕಾಫಿ ತೋಟ. ಹಣ್ಣು ಅಲ್ಲಲ್ಲಿ ಕೆಂಪಾಗತೊಡಗಿತ್ತು. ತೋಟದ ಕೊನೆಯ ಬೇಲಿ ದಾಟಿದರೆ ಕಾಡು. ಎತ್ತರದ ಮರಗಳು, ಕೆಳಗೆ ಮಾತ್ರ ಪೊದೆ, ನಡುವೆ ದೂರದವರೆಗೆ ಬರಿಯ ಕಾಂಡಗಳು. ಅವನು ಮುಂದೆ, ಅವಳು ನಡುವೆ, ನಾನು ಹಿಂದೆ. ಹಾಗಾದರೆ ನನ್ನ ಕಣ್ಣ ಮುಂದೆ ಇದ್ದದ್ದು ಅವಳ ಹಿಮ್ಮಡಿ, ಅವನದ್ದಲ್ಲ. ನೋಡಿ, ಶೂಗಳ ಕಥೆ ಇಲ್ಲೇ ಬಿದ್ದುಹೋಯಿತು. ಬೇಕಾದರೆ ನಾನು ಸ್ವಲ್ಪ ಹೊತ್ತು ನಡುವೆ ನಡೆದಿರಬಹುದು, ಅವರಿಬ್ಬರ ಮಾತಿಗೆ ಅಡ್ಡ ನಿಲ್ಲಲು. ಹಾಗೆ ಮಾಡುವಷ್ಟು ಬುದ್ಧಿ ಆಗ ನನಗಿತ್ತೇ ಎಂಬುದು ಅನುಮಾನ.

ಮಾತು ಅವರದ್ದೇ. ನಾನು ಇಲ್ಲದ ವರ್ಷಗಳದ್ದು.

"ಆ ಬಂಡೆ ಮೇಲಿಂದ ನೀನು ಬಿದ್ದಿದ್ಯಲ್ಲ ಭಾವ, ನೆನಪೈತಾ?"

"ಬಿದ್ದಿದ್ದಲ್ಲ ಮಾರಾಯ್ತಿ, ನೀನು ನೂಕಿದ್ದು. ಅಣ್ಣಯ್ಯ, ಹುಷಾರಾಗಿರಿ, ಇವ್ಳು ನೂಕೋ ಗಿರಾಕಿ."

"ಸುಳ್ಳು ಕಣ್ರೀ. ಇವ್ನೇ ಹೀರೋ ಥರ ನಿಂತ್ಕಂಡು ಜಾರ್ದ."

"ಹಲ್ಲು ಮುರೀತು. ಅತ್ತೆಗೆ ಏನಂತ ಹೇಳ್ದೆ ಗೊತ್ತಾ? ಹಲಸಿನ ಬೀಜ ಕಡ್ದೆ ಅಂದೆ. ಇವ್ಳ ಹೆಸ್ರು ಹೇಳ್ಲಿಲ್ಲ."

ಇವಳ ಹೆಸರು ಹೇಳಲಿಲ್ಲ. ನಾನು ಅವಳಿಗಾಗಿ ಅದುವರೆಗೆ ಯಾವ ಹಲ್ಲನ್ನೂ ಮುರಿದುಕೊಂಡಿರಲಿಲ್ಲ.

ಮಳೆಗಾಲ ಮುಗಿದಿದ್ದರೂ ಇಂಬಳ, ಅಂದರೆ ಕಾಡಿನ ನೆಲದ ಜಿಗಣೆ, ಇದ್ದವು. ಒದ್ದೆ ಎಲೆಯ ಮೇಲೆ ಎದ್ದು ನಿಂತು ಗಾಳಿಯಲ್ಲಿ ತಡಕುವ ಸಣ್ಣ ಇಂಬಳ. ಅವಳ ಪಾದದ ಗಂಟಿನ ಹತ್ತಿರ ಒಂದು ಹತ್ತಿ ಊದಿಕೊಂಡಿತ್ತು. ಅವಳು ಒಂದು ಬೇರಿನ ಮೇಲೆ ಕೂತು ಸೀರೆಯ ಅಂಚು ಎತ್ತಿ ಕಾಲು ಮುಂದಿಟ್ಟಳು. ಅವನು ಕುಕ್ಕರಗಾಲಿನಲ್ಲಿ ಕೂತು, ಡಬ್ಬಿಯಿಂದ ಹೊಗೆಸೊಪ್ಪು ಸುಣ್ಣ ತೆಗೆದು ಬೆರಳಲ್ಲಿ ಅದರ ಮೇಲೆ ಒತ್ತಿದ. ಇಂಬಳ ಉದುರಿತು. ರಕ್ತ ಒಂದು ಗೆರೆಯಾಗಿ ಇಳಿಯಿತು, ಅವನು ಎಲೆಯಿಂದ ಒರೆಸಿದ. ಆ ಕಾಲನ್ನು ನಾನು ಹಗಲು ಬೆಳಕಿನಲ್ಲಿ ಅಷ್ಟು ಹತ್ತಿರದಿಂದ ಅದುವರೆಗೆ ನೋಡಿರಲಿಲ್ಲ.

ಈಗ ಇದನ್ನು ಬರೆದ ಮೇಲೆ ನಿಲ್ಲಿಸಿ ನೋಡುತ್ತೇನೆ. ಮೊದಮೊದಲು ನನಗೆ ನೆನಪಿದ್ದದ್ದು ಬೇರೆ: ಅವನು ಡಬ್ಬಿ ಕೊಟ್ಟ, ಸುಣ್ಣ ಹಚ್ಚಿಕೊಂಡವಳು ಅವಳೇ. ಅವನು ಬೇರೆ ಕಡೆ ನೋಡುತ್ತಾ ನಿಂತಿದ್ದ. ಆಮೇಲಿನ ವರ್ಷಗಳಲ್ಲಿ ಆ ದೃಶ್ಯವನ್ನು ಮತ್ತೆ ಮತ್ತೆ ತೆಗೆದು ನೋಡುವಾಗ ಅವನ ಕೈ ಪ್ರತಿ ಸಲ ಸ್ವಲ್ಪ ಮುಂದೆ ಬಂದಿದೆ. ಈಗ ಕಾಲನ್ನು ಮುಟ್ಟಿದೆ. ಎಲೆಯಿಂದ ಒರೆಸಿದ್ದು ಇದೇ ಮೊದಲ ಸಲ, ಇವತ್ತು ಸೇರಿಕೊಂಡಿತು. ಹೊಟ್ಟೆಕಿಚ್ಚು ಇಂಥ ಕೆಲಸದಲ್ಲಿ ಬಹಳ ಚುರುಕು.

ಒಂದು ಮರದ ಕಾಂಡವನ್ನು ಅವನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿ, "ಇದು ಬೀಟೆ ಅಣ್ಣಯ್ಯ, ಇಂಥ ಮರ ಈಗ ಸಿಗಲ್ಲ," ಎಂದ. ಅವಳು ತಲೆಯೆತ್ತಿ ನೋಡಿದಳು. ನನಗೆ ಮರಗಳು ಗೊತ್ತಿರಲಿಲ್ಲ. ಮೊಸಳೆ ಚರ್ಮದ ಹಾಗೆ ಚೌಕ ಚೌಕ ಸೀಳಿದ ತೊಗಟೆ, ಅಷ್ಟು ಮಾತ್ರ ನೆನಪಿಟ್ಟುಕೊಂಡೆ. ಎಷ್ಟೋ ಕಾಲದ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ಹೋದ ಕಡೆ, ಅಂಥದೇ ತೊಗಟೆ ನೋಡಿ ಇದು ಯಾವ ಮರ ಎಂದು ಕೇಳಿದೆ. ಮತ್ತಿ ಎಂದರು. ಬೀಟೆ ಅಲ್ಲವೇ ಎಂದು ಇನ್ನೊಮ್ಮೆ ಕೇಳಿದೆ. ಅಲ್ಲ ಸಾರ್, ಮತ್ತಿ ಎಂದರು. ಆ ದಿನ ಊಟ ರುಚಿಯಾಗಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಬೇಕೆಂದುಕೊಂಡೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಬಿಟ್ಟೆ.

ಗುಡ್ಡದ ನೆತ್ತಿಯಲ್ಲಿ ಮರಗಳಿಲ್ಲ. ಗಾಳಿಗೆ ಮಲಗಿದ ಹುಲ್ಲು, ಒಂದು ಚಪ್ಪಟೆ ಬಂಡೆ. ಹಿಂದಕ್ಕೆ ನೋಡಿದರೆ ಹೇಮಾವತಿಯ ತಿರುವು, ಸಕಲೇಶಪುರದ ಹೆಂಚುಗಳು. ಮುಂದಕ್ಕೆ ನೋಡಿದರೆ ಗುಡ್ಡ ಮೆಲ್ಲಗೆ ತಗ್ಗಾಗುತ್ತಾ ಹೋಗಿ ಗದ್ದೆಗಳು, ಬಿಸಿಲಿಗೆ ಹೊಳೆಯುವ ಕೆರೆಗಳು.

"ಅದೇ ಅಲ್ವಾ ನಿಮ್ಮೂರು?" ಅವಳು ನನ್ನನ್ನು ಕೇಳಿದಳು.

"ಇನ್ಮೇಲೆ ನಿಂದೂ ಅದೇ ಊರು ಕಣೇ," ಎಂದ ಅವನು.

ಅದು ನಾನು ಹೇಳಬೇಕಾಗಿದ್ದ ಮಾತು. ಬಾಯಿಗೆ ಬಂದಿತ್ತು ಕೂಡ.

ಬಂಡೆಯ ಮೇಲೆ ಬುತ್ತಿ ಬಿಚ್ಚಿದಳು. ಬಾಳೆಲೆಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವಳು ರೊಟ್ಟಿಗಳ ನಡುವೆ ಹುಡುಕಿ ಅಂಚು ಕಪ್ಪಾದ ಒಂದನ್ನು ತೆಗೆದು ಅವನ ಕಡೆ ಸರಿಸಿದಳು. "ಭಾವಂಗೆ ಸೀದಿದ್ದೇ ಆಗ್ಬೇಕು," ಎಂದಳು, ನನಗೆ ವಿವರಿಸುವಂತೆ.

"ನಂಗೂ ಸೀದಿದ್ದೇ ಇಷ್ಟ," ಎಂದೆ.

ಇಬ್ಬರೂ ನನ್ನನ್ನು ನೋಡಿದರು. ಅವಳು ಖುಷಿಯಿಂದ ಇನ್ನೊಂದು ಸೀದ ರೊಟ್ಟಿ ಹುಡುಕಿ ಕೊಟ್ಟಳು. ಆವತ್ತಿನಿಂದ ಇವತ್ತಿನವರೆಗೆ ನಮ್ಮ ಮನೆಯಲ್ಲಿ ಸೀದ ರೊಟ್ಟಿಗಳೆಲ್ಲ ನನಗೇ ಬರುತ್ತವೆ. ಈ ಭಾಗದ ನೆನಪಿಗೆ ಮಾತ್ರ ಸಾಕ್ಷಿ ಬೇಕಿಲ್ಲ.

ಇಳಿಜಾರು ಶುರುವಾಗಿ ಸ್ವಲ್ಪ ದೂರ ಬಂದಾಗ ದಾರಿಯಲ್ಲಿ ಆನೆಯ ಲದ್ದಿ ಕಂಡಿತು. ಅವನು ಕಡ್ಡಿಯಿಂದ ಕೆದಕಿ, "ಹೊಸದಲ್ಲ, ಆದ್ರೂ ಹಳ್ಳದ ಕಡೆ ಒಂದ್ಸಲ ನೋಡ್ಬೇಕು," ಎಂದ. ಆಗಲೇ ಅವಳಿಗೆ ನೀರಿನ ಬಾಟಲಿ ಬಂಡೆಯ ಮೇಲೆಯೇ ಉಳಿದದ್ದು ನೆನಪಾಯಿತು.

"ನಾನು ತರ್ತೀನಿ," ಎಂದೆ.

"ನೀವಿರಿ ಅಣ್ಣಯ್ಯ, ನಂಗೆ ದಾರಿ ಗೊತ್ತು," ಎಂದ ಅವನು.

"ದಾರಿ ನಂಗೂ ಗೊತ್ತಾಯ್ತು, ಈಗ್ಲೇ ಬಂದಿದ್ದಲ್ವಾ."

"ಅಲ್ಲ, ನೀವು ಸುಸ್ತಾಗಿದೀರಿ ಅಂತ."

"ಯಾರು ಸುಸ್ತಾಗಿರೋದು?"

ಅವಳು ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡಿದಳು. "ಇಬ್ರೂ ಬ್ಯಾಡ. ನಾನು ಓಡೋಗಿ ಓಡ್ಬರ್ತೀನಿ. ನಾನು ಬೆಳೆದ ಗುಡ್ಡ ಇದು." ಹೋದಳು. ಅವನು ಆನೆಯ ವಿಚಾರ ನೋಡಲು ಕೆಳಗೆ ಹಳ್ಳದ ಕಡೆ ಇಳಿದ. ನಾನು ನಡುವೆ, ದಾರಿ ತಿರುಗುವಲ್ಲಿ ಒಂದು ಕಲ್ಲಿನ ಜಗಲಿಯಂಥ ಜಾಗದಲ್ಲಿ, ಅವಳಿಗಾಗಿ ನಿಂತೆ. ಹೀಗೆ ಮೂವರೂ ಬೇರೆ ಬೇರೆಯಾದೆವು.

ಮಂಜು ಕೆಳಗಿನಿಂದ ಎದ್ದಿತು. ಮಂಜು ಇರಲಿಲ್ಲ ಎನ್ನುತ್ತಾಳೆ ಅವಳು. ಮಂಜಿಲ್ಲದಿದ್ದರೆ ತಾನು ಬೆಳೆದ ಗುಡ್ಡದಲ್ಲಿ ಅವಳು ದಾರಿ ತಪ್ಪಿದ್ದೇಕೆ ಎಂದು ನನಗೆ ಅರ್ಥವಾಗುವುದಿಲ್ಲ. ಹಾಗಾಗಿ ಮಂಜನ್ನು ಇಟ್ಟುಕೊಳ್ಳುತ್ತೇನೆ. ಕಾದೆ. ಬರಬೇಕಾದಷ್ಟು ಹೊತ್ತು ಆಯಿತು, ಬರಲಿಲ್ಲ. ಆಮೇಲೆ ಕೂ ಕೇಳಿತು. ದಾರಿಯಿಂದ ಬಾರದೆ, ಅಡ್ಡಕ್ಕೆ, ನನ್ನ ಬಲಗಡೆಯ ಕಾಡಿನೊಳಗಿಂದ. ಉದ್ದದ್ದು, ಕೊನೆಯಲ್ಲಿ ಎತ್ತಿದ ಗಿಡ್ಡ.

ನನ್ನ ಕೈಗಳು ಬಾಯಿಯ ಹತ್ತಿರ ಹೋದವು. ಹಿಂದಿನ ಸಂಜೆ ಕಲಿತದ್ದೆಲ್ಲ ತಲೆಯಲ್ಲಿತ್ತು. ಬಾಯಿಂದ ಬಂದದ್ದು, "ಓ!"

ನಾನು ಬಯಲಿನವನು. ಮಗ್ಗೆಯಲ್ಲಿ ಗದ್ದೆಯ ಆ ಬದಿಯಿಂದ ಕರೆದರೆ ಈ ಬದಿಯಿಂದ ಓ ಎನ್ನುತ್ತೇವೆ. ನಮ್ಮವ್ವ ಕರೆದರೆ ಓ. ತರಗತಿಯಲ್ಲಿ ಯಾರಾದರೂ ಸಾರ್ ಎಂದರೂ ಒಮ್ಮೊಮ್ಮೆ ಓ ಎಂದುಬಿಡುತ್ತೇನೆ. ದೊಡ್ಡದಾಗಿ, ತುಂಬು ಗಂಟಲಿನಲ್ಲಿ ಬಂತು.

ಎಲೆ ಸರಿಯುತ್ತಿದ್ದ ಸದ್ದು ನಿಂತಿತು, ಅಂದರೆ ಅವಳು ನಿಂತಿದ್ದಳು. ಮತ್ತೆ ಕೂ ಬಂತು. ಈ ಸಲ ಗಿಡ್ಡದ್ದು ಸ್ವಲ್ಪ ನಡುಗಿತ್ತು. ನಾನು ಉಸಿರು ತೆಗೆದುಕೊಂಡು ಈಗ ಸರಿಯಾಗಿ ಹಾಕಬೇಕು ಎನ್ನುವಷ್ಟರಲ್ಲಿ ಕೆಳಗೆ ಹಳ್ಳದಿಂದ ಉತ್ತರ ಬಂತು. ಗಿಡ್ಡ ಮೊದಲು, ಉದ್ದ ಆಮೇಲೆ. ತಪ್ಪಿಲ್ಲದ್ದು.

ಒಬ್ಬರು ಕೊಟ್ಟ ಮೇಲೆ ಇನ್ನೊಬ್ಬರು ಕೊಡಬಾರದು. ನಾನು ಬಾಯಿ ಮುಚ್ಚಿದೆ. ಕಟ್ಟುಪಾಡಿಗೆ ಮುಚ್ಚಿದೆನೋ, ಅವಳು ಈಗ ಏನು ಮಾಡುತ್ತಾಳೆ ನೋಡೋಣ ಎಂದು ಮುಚ್ಚಿದೆನೋ, ಬಿಡಿಸಿ ಹೇಳಲಾರೆ. ಎರಡೂ ಒಂದೇ ಗಳಿಗೆಯಲ್ಲಿ ಇದ್ದವು.

ಅವಳು ಬಂದಳು. ನಾನು ನಿಂತ ಕಲ್ಲಿನ ಕೆಳಗೆ, ಎರಡು ಆಳು ತಗ್ಗಿನಲ್ಲಿ, ಮರಗಳ ನಡುವೆ. ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು, ಇನ್ನೊಂದು ಕಂಕುಳಲ್ಲಿ ಬಾಟಲಿ ಅವುಚಿಕೊಂಡು, ನಡೆಯುವುದಕ್ಕಿಂತ ಬೇಗ, ಓಡುವುದಕ್ಕಿಂತ ನಿಧಾನ. ಮೇಲೆ ನೋಡಲಿಲ್ಲ. ನನಗೆ ಅವಳ ಮುಖ ಕಂಡಿತು.

ಆ ಮುಖವನ್ನು ಹೇಗೆ ಹೇಳಲಿ? ನಗುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಹುಬ್ಬು ಸ್ವಲ್ಪ ಮೇಲೇರಿತ್ತು, ಇಡೀ ಮುಖ ಕೆಳಗಿನ ಆ ಕೂಗಿನ ಕಡೆಗೆ ಬಾಗಿತ್ತು. ಯಾರಿಗೂ ತೋರಿಸಲಿಕ್ಕೆಂದು ಇಟ್ಟುಕೊಂಡ ಮುಖವಲ್ಲ. ಸಿಕ್ಕಿತು ಎನ್ನುವ ಮುಖ. ಅವಳು ನನ್ನನ್ನು ಅದುವರೆಗೆ ಹಾಗೆ ನೋಡಿರಲಿಲ್ಲ. ಆಮೇಲೂ ನೋಡಿಲ್ಲ, ಅಥವಾ ನಾನು ಮನೆಗೆ ಬಂದು ಬಾಗಿಲು ತಟ್ಟಿ ಅವಳು ತೆಗೆಯುವಷ್ಟರಲ್ಲಿ ಆ ಮುಖ ಮುಗಿದು ಹೋಗಿರುತ್ತದೆ.

ನಾನು ಹಳ್ಳಕ್ಕೆ ಇಳಿದಾಗ ಇಬ್ಬರೂ ನೀರಿನ ಹತ್ತಿರ ನಿಂತಿದ್ದರು, ನಡುವೆ ಒಂದು ಮಾರು ದೂರ. ಆ ದೂರವನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ.

"ಎಲ್ಲಿ ಹೋಗ್ಬುಟ್ರಿ ನೀವು?" ಅವಳು ಕೇಳಿದಳು.

"ಮೇಲೇ ಇದ್ನಲ್ಲ."

"ಅಣ್ಣಯ್ಯ, ಓ ಅಂದಿದ್ದು ನೀವೇನಾ?" ಎಂದ ಅವನು. ನಗು ತಡೆದುಕೊಂಡಿದ್ದ.

ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಶಿವನೇ! ನೀವಾ ಅದು! ಕಾಡಿಂದು ಯಾವ್ದೋ ಓಗುಡ್ತಾ ಐತೆ ಅಂದ್ಕಂಡೆ. ಅದಿರೋ ಕಡೆಯಿಂದ ತಪ್ಪಿಸ್ಕಂಡು ಈ ಕಡೆ ಬಂದೆ."

"ಮದ್ವೆಯಾಗಿ ವರ್ಷ ತುಂಬಿಲ್ಲ, ಆಗ್ಲೇ ಗಂಡನ ದನಿ ಕೇಳಿ ಓಡೋ ಹಂಗಾಯ್ತಾ!" ಅವನು ಈಗ ಜೋರಾಗಿ ನಕ್ಕ. "ನಮ್ಮ ಅಣ್ಣಯ್ಯನ್ನ ದೆವ್ವ ಮಾಡ್ಬುಟ್ಯಲ್ಲೇ!"

"ಹೇಳಿರ್ಲಿಲ್ವಾ ನಾನು, ಓ ಅನ್ಬಾರ್ದು ಅಂತ? ನಿನ್ನೆ ಅಷ್ಟು ಚೆನ್ನಾಗಿ ಹಾಕಿದ್ರಿ ಕೂ!"

ಮೂವರೂ ನಕ್ಕೆವು. ನಾನೇ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕೆ.

ಅವಳ ಆ ಕೊನೆಯ ಮಾತು ನನ್ನೊಳಗೆ ಆಗಲೇ ಕೆಲಸ ಶುರು ಮಾಡಿತ್ತು. ನಿನ್ನೆ ಅಷ್ಟು ಚೆನ್ನಾಗಿ ಹಾಕಿದ್ದೆ. ಎಷ್ಟು ಚೆನ್ನಾಗಿ ಎಂದರೆ ಅವನೇ ಮೋಸ ಹೋಗಿದ್ದ. ಹಾಗಾದರೆ ಓ ಎಂದದ್ದು ದೆವ್ವ ಎಂದುಕೊಂಡ ಮೇಲೆ, ಹಳ್ಳದಿಂದ ಬಂದ ಕೂ ನನ್ನದೆಂದೇ ಅವಳು ತಿಳಿದಿರಬಹುದಲ್ಲ? ಗಂಡನಿಗೆ ಕಲಿಸಿದ ಉತ್ತರ ಕಾಡಿನೊಳಗಿಂದ ತಪ್ಪಿಲ್ಲದೆ ಬಂದಿತು ಎಂದು ಅವಳ ಮುಖ ಹಾಗಾಗಿರಬಹುದಲ್ಲ? ಅಥವಾ ಅದು ಅವನದೆಂದು ಮೊದಲ ಗಿಡ್ಡ ಸ್ವರಕ್ಕೇ ಅವಳಿಗೆ ತಿಳಿಯಿತೋ? ಅಷ್ಟು ವರ್ಷ ಕೇಳಿದವಳಿಗೆ ತಿಳಿಯದೆ ಇರುತ್ತದೆಯೇ? ಹಿಂದಿನ ಸಂಜೆ ಅವನಿಗೆ ತಿಳಿಯಲಿಲ್ಲವಲ್ಲ. ಅಥವಾ ಅವನಿಗೆ ತಿಳಿದಿತ್ತು, ಹೊಸ ಅಳಿಯನೊಂದಿಗೆ ತಮಾಷೆಗೆ ಉತ್ತರ ಕೊಟ್ಟಿದ್ದ.

ಅವನ ಎದುರಿಗೆ ಕೇಳುವಂತಿರಲಿಲ್ಲ. ಹಳ್ಳದ ಈ ದಡದಲ್ಲಿ ಅವನು ಚೀಲವನ್ನು ನನ್ನ ಹೆಗಲಿಗೆ ದಾಟಿಸಿದ. ಅದು ನಾನಂದುಕೊಂಡದ್ದಕ್ಕಿಂತ ಭಾರವಾಗಿತ್ತು. "ಹುಷಾರು ಅಣ್ಣಯ್ಯ. ರಸ್ತೆ ಮುಟ್ಟಿ ಕೂ ಹಾಕಿ, ಅಲ್ಲೀವರ್ಗೂ ಇಲ್ಲೇ ಇರ್ತೀನಿ." ಅವಳ ತಲೆಯ ಮೇಲೆ ಒಂದು ಮೊಟಕಿದ. ಅವಳು "ಹೋಗೋ" ಎಂದಳು. ಗದ್ದೆಯ ಬದುವಿನ ಮೇಲೆ ನಡೆದು ರಸ್ತೆ ಮುಟ್ಟಿದೆವು. "ನೀವೇ ಹಾಕಿ," ಎಂದಳು ಅವಳು. ನಾನು ಹಾಕಿದೆ, ಹೊಟ್ಟೆಯಿಂದ, ಚೆನ್ನಾಗಿಯೇ ಬಂತು. ನನ್ನ ನೆನಪಿನಲ್ಲಿ ಕಾಡಿನಿಂದ ಉತ್ತರ ಬರಲಿಲ್ಲ. ಬಂತು, ಬಸ್ಸಿನ ಸದ್ದಿನಲ್ಲಿ ನಿಮಗೆ ಕೇಳಲಿಲ್ಲ ಎನ್ನುತ್ತಾಳೆ ಅವಳು. ಆ ಹೊತ್ತಿಗೆ ಅಲ್ಲಿ ಬಸ್ಸಿರಲಿಲ್ಲ ಎಂದು ನನ್ನ ವಾದ.

ಎರಡು ಸಾವಿರದ ಇಸವಿಯಿಂದೀಚೆಗೆ ಅವನಿಗೂ ಮದುವೆಯಾಗಿ ಮಕ್ಕಳಾದರು. ಹಬ್ಬಕ್ಕೆ ಹೋದಾಗಲೆಲ್ಲ ಸಿಗುತ್ತಾನೆ. ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ. ಇದರಿಂದ ನನಗೆ ಸಿಗಬೇಕಾದಷ್ಟು ಸಮಾಧಾನ ಸಿಕ್ಕಿಲ್ಲ. ನೆಂಟರೆಲ್ಲ ಕೂತಾಗ ಆ ದಿನದ ಕಥೆಯನ್ನು ಅವನು ಹೇಳುತ್ತಾನೆ, ಎಲ್ಲರೂ ನಗುತ್ತಾರೆ. ಅವನ ಕಥೆಯಲ್ಲಿ ದಾರಿ ತಪ್ಪಿದವನು ನಾನು. ಅವಳು ತಿದ್ದುವುದಿಲ್ಲ. ತಿದ್ದದಿರುವುದು ಅವನ ಮೇಲಿನ ಪ್ರೀತಿಯೋ, ಕಥೆ ಯಾರದಾದರೇನು ಎಂಬ ಉದಾಸೀನವೋ ಎಂದು ಅವಳ ಮುಖ ನೋಡುತ್ತಾ ಕೂರುತ್ತೇನೆ.

ಒಮ್ಮೆ ಕೇಳಿದೆ. ಅಡುಗೆಮನೆಯಲ್ಲಿ, ಅವಳು ರೊಟ್ಟಿ ತಟ್ಟುತ್ತಿದ್ದಾಗ, ಬೇರೇನೋ ಮಾತಿನ ನಡುವೆ ಬಂದದ್ದೆಂಬಂತೆ.

"ಆವತ್ತು ಕಾಡಲ್ಲಿ, ಹಳ್ಳದಿಂದ ಕೂ ಬಂತಲ್ಲ. ಅದು ಯಾರ್ದು ಅಂದ್ಕಂಡು ಹೋದೆ ನೀನು?"

"ಯಾವ ಕೂ?"

"ನಾನು ಓ ಅಂದ ಮೇಲೆ ಬಂದದ್ದು."

"ಅದಾ? ಭಾವಂದಲ್ವಾ ಅದು?"

"ಅದು ಈಗ ಗೊತ್ತು. ಆಗ ಯಾರ್ದು ಅಂದ್ಕಂಡಿದ್ದೆ?"

ಅವಳು ರೊಟ್ಟಿ ತಿರುವಿ ಹಾಕಿದಳು. ನಿಜವಾಗಿಯೂ ಯೋಚಿಸಿದಳು ಎಂದು ನಾನು ಹೇಳಬಲ್ಲೆ, ಏಕೆಂದರೆ ಅಷ್ಟರಲ್ಲಿ ರೊಟ್ಟಿ ಸೀದಿತು.

"ನೆನಪಿಲ್ಲ ಕಣ್ರೀ," ಎಂದಳು. "ಎಷ್ಟು ವರ್ಷ ಆಯ್ತು. ಅಲ್ಲ, ಇದನ್ನ ಈಗ ಯಾಕೆ ಕೇಳ್ತಿದೀರಿ?"

"ಸುಮ್ನೆ."

"ಸುಮ್ನೆ ಅಂತೆ. ನಾನು ಬರೋದು ಮೇಲಿಂದ ಕಾಣ್ತಿತ್ತಾ ನಿಮ್ಗೆ?"

ಕಾಣುತ್ತಿರಲಿಲ್ಲ ಎಂದೆ. ಮಂಜಿತ್ತು ಎಂದೆ.

"ಮಂಜಿರ್ಲಿಲ್ಲ," ಎಂದಳು.

ಮದುವೆ ಬೇಡ ಎಂದವರು ಯಾರು ಎಂದು ನಾನು ಕೇಳಲಿಲ್ಲ. ಕೇಳಿದರೆ ಅವಳು ಸರಿಯಾದ ಉತ್ತರವನ್ನೇ ಕೊಡುತ್ತಿದ್ದಳೇನೋ. ಅತ್ತೆಯವರು ಈಗ ಇಲ್ಲ, ಆ ಅಜ್ಜಿಯೂ ಇಲ್ಲ. ತಂಗಿ, ನಾನು ಹಾಗೆ ಹೇಳೇ ಇಲ್ಲ ಎನ್ನುತ್ತಾಳೆ. ಆ ಮುಖ ಅವನಿಗಾಗಿತ್ತೋ, ನನಗಾಗಿತ್ತೋ, ದಾರಿ ಸಿಕ್ಕಿತು ಎಂಬುದಕ್ಕಷ್ಟೇ ಆಗಿತ್ತೋ, ನನಗೆ ಗೊತ್ತಿಲ್ಲ.